ಕಿವಿಗಲ್ಲಿನಲ್ಲಿ ಮೀನಿನ ಊರು

ಕಾಡ್ ಮೀನನ್ನು ಕಣ್ಣಾರೆ ನೋಡದ ಕನ್ನಡಿಗರಿಗೂ ಅದರ ಎಣ್ಣೆ ಗೊತ್ತು. ಕಾಡ್ ಲಿವರ್ ಎಣ್ಣೆಯ ಹಳದಿ ಗುಳಿಗೆಯನ್ನು ಬಾಲ್ಯದಲ್ಲಿ ಮುಖ ಹಿಂಡುತ್ತ ನುಂಗಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆ ಎಣ್ಣೆಗೆ ಹೆಸರಾದ ಸೀಮೆಗಳಲ್ಲಿ ನಾರ್ವೆಯ ಲೊಫೋಟೆನ್ ದ್ವೀಪಸಾಲು ಒಂದು. ಆರ್ಕ್ಟಿಕ್ ವೃತ್ತಕ್ಕಿಂತ ಉತ್ತರದಲ್ಲಿದೆ. ಕಡಲಿನಿಂದ ಸೀದಾ ಮೇಲೆದ್ದ ಬೆಟ್ಟಗಳು, ಬುಡದಲ್ಲಿ ಮೀನುಗಾರರ ಮನೆಗಳು. ಪ್ರತಿ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನುಗಳು ನೂರಾರು ಕಿಲೊಮೀಟರ್ ಈಜಿ ಮೊಟ್ಟೆಯಿಡಲು ಇಲ್ಲಿಗೆ ಬರುತ್ತವೆ. ಈ ವಲಸೆಗಾರನನ್ನು ನಾರ್ವೆಯವರು ಸ್ಕ್ರೈ ಎಂದು ಕರೆಯುತ್ತಾರೆ. ಹಿಡಿದ ಮೀನಿನ ತಲೆ ತೆಗೆದು, ಎರಡೆರಡನ್ನು ಬಾಲದಲ್ಲಿ ಜೋಡಿಸಿ ಕಟ್ಟಿ, ಮರದ ಚೌಕಟ್ಟುಗಳ ಮೇಲೆ ಚಳಿಗಾಳಿಗೆ ತೂಗುಹಾಕುತ್ತಾರೆ. ಉಪ್ಪು ಸೋಕಿಸದೆ ಒಣಗಿದ ಆ ಮೀನಿನ ವ್ಯಾಪಾರಕ್ಕೆ ಸಾವಿರ ವರ್ಷದ ಇತಿಹಾಸವಿದೆ. ಇಂದಿನ ಜರ್ಮನಿಯ ಹೈತಾಬು ಎಂಬಲ್ಲಿ ವೈಕಿಂಗರ ಕಾಲದ ಪೇಟೆಯೊಂದಿತ್ತು. ಅಲ್ಲಿ ಸಿಕ್ಕ ಕಾಡ್ ಮೂಳೆಗಳ ಡಿಎನ್‌ಎಯನ್ನು ವಿಜ್ಞಾನಿಗಳು 2017ರಲ್ಲಿ ಓದಿದಾಗ, ಅವು ದೂರದ ಉತ್ತರದ ತಣ್ಣೀರಿನಿಂದ ಬಂದ ಮೀನುಗಳೆಂದು ಗೊತ್ತಾಯಿತು.

ಅದೇ ನೀರಿನಲ್ಲಿ, ಅದೇ ತಿಂಗಳುಗಳಲ್ಲಿ ಇನ್ನೊಂದು ಕಾಡ್ ಕೂಡ ಇದೆ. ಅದು ದೂರ ಹೋಗುವ ಜಾಯಮಾನದ್ದಲ್ಲ. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕವಲುಗಳಲ್ಲಿ, ಅಂದರೆ ಫ್ಯೋರ್ಡ್‌ಗಳಲ್ಲಿ, ಹುಟ್ಟಿ ಆಸುಪಾಸಿನಲ್ಲೇ ಬೆಳೆದು ಅಲ್ಲೇ ಮೊಟ್ಟೆಯಿಡುತ್ತದೆ. ಇದು ಕರಾವಳಿ ಕಾಡ್. ಸ್ಕ್ರೈಗೂ ಇದಕ್ಕೂ ವೈಜ್ಞಾನಿಕ ಹೆಸರು ಒಂದೇ, ಗೇಡಸ್ ಮೊರ್ಹುವಾ. ಗದ್ದದ ಕೆಳಗೆ ಒಂದೇ ತರಹದ ಮೀಸೆ, ಮೈಮೇಲೆ ಒಂದೇ ತರಹದ ಚುಕ್ಕೆ. ಬಲೆಗೆ ಬಿದ್ದ ಎರಡನ್ನು ಪಕ್ಕಪಕ್ಕದಲ್ಲಿಟ್ಟರೆ ಅನುಭವಿ ಮೀನುಗಾರ ಬಣ್ಣ ನೋಡಿ, ಮೈಕಟ್ಟು ನೋಡಿ ಏನೋ ಹೇಳಿಯಾನು. ಆದರೆ ಆ ಮಾತಿನ ಮೇಲೆ ಸರಕಾರ ಮೀನುಗಾರಿಕೆಯ ಮಿತಿ ಹಾಕಲಾಗದು.

ಮಿತಿಯ ಮಾತು ಬಂದದ್ದೇ ಇಡೀ ಕತೆಯ ಮೂಲ. ಬ್ಯಾರೆಂಟ್ಸ್ ಸಮುದ್ರದ ಕಾಡ್ ಪಂಗಡ ಜಗತ್ತಿನಲ್ಲೇ ದೊಡ್ಡದು. ನಾರ್ವೆ ಮತ್ತು ರಷ್ಯಾ ಕೂಡಿ ಅದಕ್ಕೆ ವರ್ಷದ ಕೋಟಾ ಗೊತ್ತುಮಾಡುತ್ತವೆ. 2013ರಲ್ಲಿ ಆ ಕೋಟಾ 10 ಲಕ್ಷ ಟನ್ ಮುಟ್ಟಿತ್ತು. ಕರಾವಳಿ ಕಾಡ್‌ನ ಹಿಡುವಳಿ ಕೆಲವು ಹತ್ತು ಸಾವಿರ ಟನ್‌ಗಳಲ್ಲಿ ಆಡುವಂಥದ್ದು. ಎರಡನ್ನೂ ‘ಕಾಡ್’ ಎಂದು ಒಂದೇ ಸಾಲಿನಲ್ಲಿ ಬರೆದರೆ, ದೊಡ್ಡ ಪಂಗಡ ಒಂದಿಷ್ಟು ಏರಿದರೂ ಸಾಕು, ಒಟ್ಟು ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಆ ಏರಿಕೆಯ ಅಡಿಯಲ್ಲಿ ಸಣ್ಣ ಪಂಗಡ ಕರಗಿಹೋದರೂ ಪುಸ್ತಕದಲ್ಲಿ ಒಂದು ಗೀಟೂ ಬೀಳುವುದಿಲ್ಲ. ಮೀನುಗಾರಿಕೆಯ ವಿಜ್ಞಾನದಲ್ಲಿ ಸುಲಭದಲ್ಲಿ ಆಗುವ, ತಡವಾಗಿ ಗೊತ್ತಾಗುವ ಅನಾಹುತವೆಂದರೆ ಇದೇ ಎಂದು ನನ್ನ ಎಣಿಕೆ. ಅತಿಯಾಗಿ ಹಿಡಿಯುವುದು ಕಣ್ಣಿಗೆ ಕಾಣುತ್ತದೆ. ತಪ್ಪಾಗಿ ಕೂಡಿಸುವುದು ಕಾಣುವುದಿಲ್ಲ.

ಹಾಗಾದರೆ ಸತ್ತ ಮೀನಿನ ಊರು ಯಾವುದೆಂದು ಕೇಳುವುದು ಯಾರನ್ನು?

ಗುನ್ನಾರ್ ರೊಲೆಫ್ಸೆನ್ ಎಂಬ ನಾರ್ವೆಯ ವಿಜ್ಞಾನಿ ಈ ಪ್ರಶ್ನೆಗೆ 1933ರಲ್ಲಿ ಉತ್ತರ ಪ್ರಕಟಿಸಿದ. ಮೀನಿನ ಕಿವಿಯೊಳಗಿನ ಕಲ್ಲನ್ನು ಕೇಳಿ, ಅದು ಹೇಳುತ್ತದೆ ಎಂಬುದು ಅವನ ಉತ್ತರದ ತಾತ್ಪರ್ಯ. ಈ ರೊಲೆಫ್ಸೆನ್ ಸಾಮಾನ್ಯನಲ್ಲ. ಮರಿಮೀನುಗಳಿಗೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಜೀವಿಯ ಮರಿಗಳನ್ನು ಉಣಿಸಿ ಸಾಕಬಹುದೆಂದು ಮೊದಮೊದಲು ತೋರಿಸಿದವರಲ್ಲಿ ಅವನೂ ಒಬ್ಬ. ಇಂದು ಜಗತ್ತಿನ ಮೀನು ಮತ್ತು ಸೀಗಡಿ ಮರಿಕೇಂದ್ರಗಳೆಲ್ಲ ನಡೆಯುತ್ತಿರುವುದು ಬಹುಪಾಲು ಅದರ ಮೇಲೆ. ಆ ಕತೆ ಬೇರೆ. ನಾವು ಕಲ್ಲಿಗೆ ಬರೋಣ.

ಮೀನಿಗೆ ಹೊರಗಿವಿ ಇಲ್ಲ, ಒಳಕಿವಿ ಇದೆ. ಮಿದುಳಿನ ಎರಡೂ ಮಗ್ಗುಲಿನಲ್ಲಿ ದ್ರವ ತುಂಬಿದ ಪುಟ್ಟ ಚೀಲಗಳಿವೆ. ಒಂದೊಂದು ಮಗ್ಗುಲಿಗೆ ಮೂರು ಚೀಲ, ಚೀಲಕ್ಕೊಂದು ಕಲ್ಲು. ಒಟ್ಟು ಮೂರು ಜೊತೆ. ವಿಜ್ಞಾನಿಗಳು ಇದಕ್ಕೆ ಒಟೊಲಿತ್ ಎನ್ನುತ್ತಾರೆ, ನಾವು ಕಿವಿಗಲ್ಲು ಎನ್ನೋಣ. ಇದನ್ನು ಕಿವಿಯ ಎಲುಬು ಎಂದು ಕರೆಯುವುದುಂಟು. ಆದರೆ ಇದು ಎಲುಬಲ್ಲ. ಎಲುಬು ಕ್ಯಾಲ್ಸಿಯಂ ಫಾಸ್ಫೇಟಿನದು. ಇದು ಕ್ಯಾಲ್ಸಿಯಂ ಕಾರ್ಬೊನೇಟಿನ ಅರಾಗೊನೈಟ್ ಎಂಬ ಹರಳು, ಮುತ್ತಿನಲ್ಲಿ ಇರುವಂಥದ್ದೇ. ಹರಳಿನ ಪದರಗಳ ನಡುವೆ ಅಷ್ಟಿಷ್ಟು ಪ್ರೋಟೀನು. ಕಾಡ್‌ನಲ್ಲಿ ಮೂರು ಜೊತೆಯ ಪೈಕಿ ದೊಡ್ಡದು ಸಜಿಟ್ಟಾ. ಬಲಿತ ಮೀನಿನಲ್ಲಿ ಅದು ಒಂದೂವರೆ ಸೆಂಟಿಮೀಟರ್ ದಾಟುತ್ತದೆ. ಶಾರ್ಕ್ ಮತ್ತು ತೊರಕೆ ಜಾತಿಯವಕ್ಕೆ ಇಂಥ ಗಟ್ಟಿ ಕಲ್ಲುಗಳಿಲ್ಲ, ಪುಡಿಪುಡಿ ಕಣಗಳಷ್ಟೆ.

ಕಲ್ಲಿಗೆ ಅಲ್ಲೇನು ಕೆಲಸ? ಮೀನಿನ ಮೈಯ ಸಾಂದ್ರತೆ ನೀರಿನ ಸಾಂದ್ರತೆಗೆ ಹತ್ತಿರ. ನೀರಿನಲ್ಲಿ ಬಂದ ಸದ್ದಿನ ಅಲೆಗೆ ಮೀನಿನ ಮೈಯೂ ನೀರಿನ ಜೊತೆಗೇ ಅಲುಗುತ್ತದೆ. ನೀರಿಗಿಂತ ಸುಮಾರು ಮೂರು ಪಟ್ಟು ಸಾಂದ್ರವಾದ ಕಲ್ಲು ಮಾತ್ರ ಹಿಂದೆ ಉಳಿಯುತ್ತದೆ. ಆ ಹಿಂಜರಿತದಿಂದ ಅದರ ಕೆಳಗಿನ ಸೂಕ್ಷ್ಮ ರೋಮಗಳು ಬಾಗುತ್ತವೆ, ನರಕ್ಕೆ ಸುದ್ದಿ ಹೋಗುತ್ತದೆ. ಕೇಳುವುದಕ್ಕೂ ಮೇಲೆ ಯಾವುದು ಕೆಳಗೆ ಯಾವುದೆಂಬ ಸಮತೋಲಕ್ಕೂ ಇದೇ ಉಪಕರಣ. ಮೀನಿನ ತಲೆಯಲ್ಲಿ ಕಲ್ಲಿರುವುದು ಅರಿಸ್ಟಾಟಲನಿಗೂ ತಿಳಿದಿತ್ತು. ತಲೆಯಲ್ಲಿ ಕಲ್ಲುಳ್ಳ ಮೀನುಗಳು ಚಳಿಗಾಲದಲ್ಲಿ ಹೆಚ್ಚು ಸಂಕಟಪಡುತ್ತವೆ ಎಂದು ಅವನು ಬರೆದಿದ್ದಾನೆ. ಕಲ್ಲು ಇದ್ದದ್ದು ನಿಜ, ಅದು ಚಳಿಗೆ ಹೆಪ್ಪುಗಟ್ಟಿ ಮೀನನ್ನು ಕಾಡುತ್ತದೆಂಬುದು ಬರೀ ಊಹೆ.

ಕಲ್ಲಿನ ನಿಜವಾದ ಬೆಲೆ ಇರುವುದು ಅದರ ಒಂದು ಹಟದಲ್ಲಿ. ಮೈಯ ಮಿಕ್ಕ ಭಾಗಗಳು ಹಸಿವಾದಾಗ ಕರಗುತ್ತವೆ. ಹುರುಪೆ, ಎಲುಬುಗಳಿಂದಲೂ ದೇಹ ಕ್ಯಾಲ್ಸಿಯಂ ಹಿಂದಕ್ಕೆ ಎಳೆದುಕೊಳ್ಳಬಲ್ಲದು. ಕಿವಿಗಲ್ಲಿನಿಂದ ಎಳೆದುಕೊಳ್ಳುವುದಿಲ್ಲ. ಒಮ್ಮೆ ಕೂತ ಪದರ ಕೂತಂತೆಯೇ. ಬೇಸಿಗೆಯಲ್ಲಿ ಮೀನು ಬೇಗ ಬೆಳೆಯುವಾಗ ಬೆಳಕು ತಡೆಯುವ ಅಗಲ ಪಟ್ಟೆ, ಚಳಿಗಾಲದಲ್ಲಿ ಬೆಳಕು ದಾಟಿಸುವ ಕಿರಿದಾದ ಪಟ್ಟೆ. ಎರಡೂ ಸೇರಿ ಒಂದು ವರ್ಷ. ಜರ್ಮನಿಯ ರೈಬಿಶ್ 1899ರಲ್ಲೇ ಪ್ಲೇಸ್ ಎಂಬ ಚಪ್ಪಟೆ ಮೀನಿನ ವಯಸ್ಸನ್ನು ಹೀಗೆ ಎಣಿಸಿದ್ದ. 1971ರಲ್ಲಿ ಜಾರ್ಜಿಯೊ ಪನೆಲ್ಲಾ ಇನ್ನೂ ಒಳಹೊಕ್ಕು ನೋಡಿ, ಎರಡು ವಾರ್ಷಿಕ ಪಟ್ಟೆಗಳ ನಡುವೆ ಸುಮಾರು 360 ಸೂಕ್ಷ್ಮ ಪದರಗಳಿವೆಯೆಂದು ತೋರಿಸಿದ. ದಿನಕ್ಕೊಂದು ಪದರ! ಹುಟ್ಟಿದ ವಾರದಿಂದ ಬಲೆಗೆ ಬಿದ್ದ ದಿನದವರೆಗಿನ ದಿನಚರಿ ಆ ಕಲ್ಲಿನಲ್ಲಿದೆ, ಓದುವ ಕಣ್ಣು ಬೇಕು ಅಷ್ಟೆ.

ರೊಲೆಫ್ಸೆನ್ ಗಮನಿಸಿದ್ದು ಆ ದಿನಚರಿಯ ಮೊದಲ ಪುಟಗಳನ್ನು. ಕಲ್ಲನ್ನು ನಡುವೆ ಅಡ್ಡಲಾಗಿ ಮುರಿದು ಮುರಿದ ಮುಖವನ್ನು ನೋಡಿದರೆ, ಕರಾವಳಿ ಕಾಡ್‌ನಲ್ಲಿ ಬೆಳಕು ದಾಟಿಸುವ ಮೊದಲ ಪಟ್ಟೆ ಸಣ್ಣದು, ಹೆಚ್ಚುಕಡಿಮೆ ದುಂಡಗಿರುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ಅಂತರ ದೊಡ್ಡದು. ಸ್ಕ್ರೈಯಲ್ಲಿ ಮೊದಲ ಪಟ್ಟೆಯೇ ದೊಡ್ಡದು, ಉದ್ದುದ್ದ. ಎರಡನೆಯದು ಅದರ ಹತ್ತಿರವೇ ಬರುತ್ತದೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸ್ಕ್ರೈಯ ಮೊಟ್ಟೆ ಮತ್ತು ಮರಿಗಳು ಕರಾವಳಿಯ ಪ್ರವಾಹದಲ್ಲಿ ತೇಲುತ್ತ ಉತ್ತರಕ್ಕೆ ಸಾಗಿ ಬ್ಯಾರೆಂಟ್ಸ್ ಸಮುದ್ರದ ಆಳದ ತಣ್ಣೀರಿನಲ್ಲಿ ನೆಲೆಯೂರುತ್ತವೆ. ಕರಾವಳಿ ಕಾಡ್‌ನ ಮರಿಗಳು ದಡದ ಹತ್ತಿರ, ಕಡಲಕಳೆ ಬೆಳೆದ ಆಳವಿಲ್ಲದ ನೀರಿನಲ್ಲಿ ಬೆಳೆಯುತ್ತವೆ. ಎಳವೆಯ ನೀರು ಬೇರೆ, ಆಹಾರ ಬೇರೆ, ಬೆಳೆಯುವ ವೇಗ ಬೇರೆ. ಕಲ್ಲಿನ ತಿರುಳಿನಲ್ಲಿ ಅದೆಲ್ಲ ಅಚ್ಚಾಗಿದೆ.

ಮುರಿದ ಕಲ್ಲನ್ನು ಓದಲು ಪಳಗಿದ ಕಣ್ಣು ಬೇಕು. ಬರ್ಗನ್ನಿನ ಸಮುದ್ರ ಸಂಶೋಧನಾ ಸಂಸ್ಥೆಯಲ್ಲಿ ವಯಸ್ಸು ಎಣಿಸುವವರೇ ಪಂಗಡವನ್ನೂ ಗುರುತುಹಾಕುತ್ತಾರೆ. ‘ಖಚಿತ’ ಎಂಬ ಗುಂಪಿನ ಜೊತೆಗೆ ‘ಸಂಶಯ’ ಎಂಬ ಗುಂಪೂ ಅವರ ಪಟ್ಟಿಯಲ್ಲಿದೆ. ಸಂಶಯಕ್ಕೆ ಒಂದು ಖಾನೆ ಇಟ್ಟ ವಿಜ್ಞಾನದ ಮೇಲೆ ನನಗೆ ನಂಬಿಕೆ ಹೆಚ್ಚು.

ಕಣ್ಣಿನ ಕೆಲಸವನ್ನು ಲೆಕ್ಕಕ್ಕೆ ಇಳಿಸುವ ಪ್ರಯತ್ನ 1980ರ ದಶಕದಲ್ಲಿ ಜೋರಾಯಿತು. ಈ ಸಲ ಕಲ್ಲನ್ನು ಮುರಿಯುವುದಿಲ್ಲ. ತೊಳೆದು, ಒಣಗಿಸಿ, ಕಪ್ಪು ಹಿನ್ನೆಲೆಯ ಮೇಲೆ ಇಡೀ ಕಲ್ಲಿನ ಫೋಟೊ ತೆಗೆಯುತ್ತಾರೆ. ಕಂಪ್ಯೂಟರು ಅದರ ಅಂಚಿನ ಗೆರೆಯನ್ನು ಎಳೆದುಕೊಳ್ಳುತ್ತದೆ. ಕಾಡ್‌ನ ಕಲ್ಲಿನ ಅಂಚು ನುಣುಪಾಗಿರುವುದಿಲ್ಲ, ಸುತ್ತಲೂ ಅಲೆಅಲೆಯಾಗಿ ಏರುತಗ್ಗು. ಈ ಡೊಂಕನ್ನು ಅಂಕಿಯಲ್ಲಿ ಹೇಳುವುದು ಹೇಗೆ? ಉದ್ದ, ಅಗಲ, ಸುತ್ತಳತೆ ಸಾಲವು; ಬೇರೆಬೇರೆ ಆಕಾರದ ಎರಡು ಕಲ್ಲಿಗೆ ಮೂರೂ ಒಂದೇ ಆಗಿರಬಹುದು.

ಇಲ್ಲಿ ನೆರವಿಗೆ ಬಂದವನು ಜೋಸೆಫ್ ಫೊರಿಯೆ. ಶಾಖ ಹರಿಯುವ ಬಗೆಯನ್ನು ಲೆಕ್ಕ ಹಾಕುತ್ತ 1822ರಲ್ಲಿ ಪುಸ್ತಕ ಬರೆದ ಈ ಫ್ರೆಂಚ್ ಗಣಿತಜ್ಞನಿಗೂ ಮೀನಿಗೂ ಸಂಬಂಧವಿಲ್ಲ. ಎಂಥ ಡೊಂಕು ಗೆರೆಯನ್ನೂ ಸರಳವಾದ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂಬುದು ಅವನ ಹೊಳಹು. ತಂಬೂರಿಯ ಒಂದು ತಂತಿ ಮೀಟಿದಾಗ ಮೂಲಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನದ ಸ್ವರಗಳೂ ಕೇಳುತ್ತವಲ್ಲ. ಯಾವ ಸ್ವರ ಎಷ್ಟು ಬೆರೆತಿದೆ ಎಂಬುದರಿಂದಲೇ ಒಂದು ತಂಬೂರಿಯ ನಾದ ಇನ್ನೊಂದರದಕ್ಕಿಂತ ಬೇರೆ ಎನಿಸುತ್ತದೆ. ಕಲ್ಲಿನ ಅಂಚನ್ನೂ ಹಾಗೆಯೇ ಬಿಡಿಸುತ್ತಾರೆ. ಮೊದಲ ಸುತ್ತಿಗೆ ಒಂದು ದೀರ್ಘವೃತ್ತ, ಅಷ್ಟೆ. ಕಲ್ಲಿನ ಒರಟು ಆಕಾರ ಬಂತು. ಅದರ ಮೇಲೆ ಎರಡು ಪಟ್ಟು ವೇಗದಲ್ಲಿ ಸುತ್ತುವ ಇನ್ನೊಂದು ಸಣ್ಣ ದೀರ್ಘವೃತ್ತ ಸೇರಿಸಿ, ಮೂರನೆಯದು ಸೇರಿಸಿ. ಹೀಗೆ ಇಪ್ಪತ್ತರವರೆಗೆ ಹೋದರೆ ಸಣ್ಣ ಏರುತಗ್ಗುಗಳೂ ಮೂಡುತ್ತವೆ. ಒಂದೊಂದು ದೀರ್ಘವೃತ್ತಕ್ಕೆ ನಾಲ್ಕು ಅಂಕಿ, ಇಪ್ಪತ್ತಕ್ಕೆ 80. ಕಲ್ಲಿನ ಗಾತ್ರ, ಅದು ಮಲಗಿದ ಕೋನ, ಗೆರೆ ಶುರುವಾದ ಜಾಗ, ಈ ಮೂರರ ಪ್ರಭಾವ ತೆಗೆದುಹಾಕಿದರೆ ಮೂರು ಅಂಕಿ ಕಳೆದು 77 ಉಳಿಯುತ್ತವೆ. ಆ 77 ಅಂಕಿಗಳೇ ಆ ಕಲ್ಲಿನ ಆಕಾರ. ಕುಲ್ ಮತ್ತು ಜಿಯಾರ್ಡಿನಾ ಎಂಬಿಬ್ಬರು 1982ರಲ್ಲಿ ಈ ವಿಧಾನವನ್ನು ಬರೆದಿಟ್ಟರು. 1986ರ ಹೊತ್ತಿಗೆ ಹೆರಿಂಗ್ ಮೀನಿನ ಕಿವಿಗಲ್ಲುಗಳನ್ನು ಫೊರಿಯೆ ಅಲೆಗಳಿಂದ ಹೋಲಿಸಿದ ಅಧ್ಯಯನ ಬಂತು. 1993ರಲ್ಲಿ ಕೆನಡಾದ ಸ್ಟೀವನ್ ಕಂಪಾನಾ ಮತ್ತು ಜಾನ್ ಕ್ಯಾಸಲ್‌ಮನ್ ವಾಯುವ್ಯ ಅಟ್ಲಾಂಟಿಕಿನ ಬಹುಪಾಲು ಮೊಟ್ಟೆತಾಣಗಳಿಂದ ತಂದ ಎರಡು ಸಾವಿರಕ್ಕೂ ಹೆಚ್ಚು ಕಾಡ್‌ಗಳ ಕಲ್ಲುಗಳನ್ನು ಹೀಗೆ ಅಳೆದರು. ಈ ಕ್ಷೇತ್ರದಲ್ಲಿ ಕೆಲಸ ಶುರುಮಾಡುವವರು ಇಂದಿಗೂ ಮೊದಲು ಓದುವುದು ಅವರ ಪ್ರಬಂಧವನ್ನೇ.

ಆದರೆ ಅವರು ಕಂಡುಕೊಂಡ ಇನ್ನೊಂದು ಸಂಗತಿ ಉತ್ಸಾಹಕ್ಕೆ ಸ್ವಲ್ಪ ನೀರೆರಚುವಂಥದ್ದು. ಪಂಗಡ ಪಂಗಡಗಳ ನಡುವೆ ಆಕಾರ ಬೇರೆಯಾಗುವುದು ನಿಜ. ಹಾಗೆ ಬೇರೆ ಮಾಡುತ್ತಿರುವ ದೊಡ್ಡ ಕಾರಣ ಬೆಳವಣಿಗೆಯ ವೇಗ. ಅಂದರೆ ಕಲ್ಲು ಮೀನಿನ ಕುಲವನ್ನು ಹೇಳುತ್ತಿಲ್ಲ, ಅದು ಬದುಕಿದ ರೀತಿಯನ್ನು ಹೇಳುತ್ತಿದೆ. ಡೆನ್ಮಾರ್ಕಿನ ಕರಿನ್ ಹ್ಯುಸ್ಸಿ ಎಳೆಯ ಕಾಡ್‌ಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇವಿನ ಪ್ರಮಾಣ ಬದಲಾದಂತೆ ಕಲ್ಲಿನ ಅಂಚಿನ ಏರುತಗ್ಗುಗಳೂ ಬದಲಾದವು. ಹಾಗಿದ್ದರೆ ಕುಲಕ್ಕೆ ಜಾಗವೇ ಇಲ್ಲವೆ? ಇದೆ. ಫ್ಯಾರೊ ದ್ವೀಪಗಳ ಬಳಿ ಎರಡು ಕಾಡ್ ಪಂಗಡಗಳಿವೆ. ಒಂದು ದ್ವೀಪಗಳ ಸುತ್ತಲಿನ ಜಗಲಿಯದು. ಇನ್ನೊಂದು ನೈಋತ್ಯದ ದಿಬ್ಬದ್ದು, ಬಲು ಬೇಗ ಬೆಳೆಯುವಂಥದ್ದು. ಎರಡನ್ನೂ ಒಂದೇ ಪರಿಸ್ಥಿತಿಯಲ್ಲಿ ಸಾಕಿ, ಕಡಲಿನಲ್ಲಿ ಬೆಳೆದವುಗಳ ಜೊತೆ ಹೋಲಿಸಿದ ಅಧ್ಯಯನ 2004ರಲ್ಲಿ ಬಂತು. ಆಕಾರದಲ್ಲಿ ಹುಟ್ಟಿನ ಪಾಲೂ ಇದೆ, ಪರಿಸರದ ಪಾಲೂ ಇದೆ ಎಂಬುದು ಅದರ ತೀರ್ಮಾನ.

ಮೀನುಗಾರಿಕೆಯ ಆಡಳಿತಕ್ಕೆ ಇದು ಕೊರತೆಯಲ್ಲ ಎಂದೇ ನನ್ನ ವಾದ. ಕೋಟಾ ಹಾಕುವವರಿಗೆ ಬೇಕಾದದ್ದು ಮೀನಿನ ವಂಶಾವಳಿಯಲ್ಲ. ಯಾವ ಮೀನು ಎಲ್ಲಿ ಬೆಳೆಯುತ್ತದೆ, ಎಷ್ಟು ಬೇಗ ಬೆಳೆಯುತ್ತದೆ, ಯಾವ ಗುಂಪಿನ ಜೊತೆ ಬದುಕುತ್ತದೆ ಎಂಬುದು ಬೇಕು. ತಳಿಗುಣದಲ್ಲಿ ವ್ಯತ್ಯಾಸವೇ ಕಾಣದ ಎರಡು ಗುಂಪುಗಳು ಬದುಕಿನಲ್ಲಿ ಬೇರೆಬೇರೆ ಇರಬಹುದು. ತಲೆಮಾರಿಗೆ ಬೆರಳೆಣಿಕೆಯ ಮೀನು ಅತ್ತಿಂದಿತ್ತ ಹೋದರೂ ಸಾಕು, ಜೀನುಗಳು ಬೆರೆತುಹೋಗುತ್ತವೆ. ಆದರೆ ಒಂದು ಗುಂಪನ್ನು ಪೂರಾ ಹಿಡಿದು ಮುಗಿಸಿದರೆ ಆ ಬೆರಳೆಣಿಕೆಯ ಮೀನುಗಳಿಂದ ಅದು ತುಂಬುವುದಿಲ್ಲ. ಜೀನು ಒಂದೇ ಎಂದು ಸುಮ್ಮನಾದಲ್ಲಿ ಕಲ್ಲು ಎಚ್ಚರಿಸುತ್ತದೆ.

ಅಪಾಯ ಇರುವುದು ಬೇರೆ ಕಡೆ. ದೊಡ್ಡ ಮೀನಿನ ಕಲ್ಲಿನ ಆಕಾರ ಸಣ್ಣ ಮೀನಿನದಕ್ಕಿಂತ ಸಹಜವಾಗಿಯೇ ಬೇರೆ. ಒಂದು ಊರಿನಿಂದ ದೊಡ್ಡವನ್ನು, ಇನ್ನೊಂದು ಊರಿನಿಂದ ಸಣ್ಣವನ್ನು ತಂದು ಹೋಲಿಸಿದರೆ ಎರಡು ಪಂಗಡ ‘ಪತ್ತೆ’ಯಾಗುವುದು ಖಂಡಿತ. ಮೀನಿನ ಉದ್ದದ ಪ್ರಭಾವವನ್ನು ಮೊದಲು ಕಳೆಯಬೇಕು. ಎಡಗಲ್ಲನ್ನು ಎಡಗಲ್ಲಿನ ಜೊತೆಗೇ ಹೋಲಿಸಬೇಕು; ಚಪ್ಪಟೆ ಮೀನುಗಳಲ್ಲಂತೂ ಎಡಬಲದ ವ್ಯತ್ಯಾಸ ಎದ್ದು ಕಾಣುತ್ತದೆ. ಕೆಲವು ಕಲ್ಲುಗಳಲ್ಲಿ ಅರಾಗೊನೈಟಿನ ಬದಲು ವ್ಯಾಟರೈಟ್ ಎಂಬ ಇನ್ನೊಂದು ಬಗೆಯ ಹರಳು ಕಟ್ಟಿ ಆಕಾರ ಕೆಡುತ್ತದೆ, ಅಂಥವನ್ನು ಪಕ್ಕಕ್ಕಿಡಬೇಕು. ಇಷ್ಟೆಲ್ಲ ಮಾಡಿದ ಮೇಲೆ, ಊರು ಖಚಿತವಾಗಿ ಗೊತ್ತಿರುವ ಮೀನುಗಳಿಂದ ಕಂಪ್ಯೂಟರಿಗೆ ಪಾಠ ಹೇಳಿಸಿ, ಊರು ಗೊತ್ತಿಲ್ಲದವನ್ನು ವಿಂಗಡಿಸಲು ಬಿಡುತ್ತಾರೆ. ಇಲ್ಲಿ ಮತ್ತೊಂದು ಹಳ್ಳವಿದೆ. ಎರಡೇ ಊರಿನ ಪಾಠ ಕಲಿತ ಯಂತ್ರದ ಮುಂದೆ ಮೂರನೆಯ ಊರಿನ ಮೀನು ಇಟ್ಟರೆ, ‘ಇದು ನನಗೆ ಗೊತ್ತಿಲ್ಲ’ ಎಂದು ಅದು ಹೇಳುವುದಿಲ್ಲ. ಎರಡರಲ್ಲಿ ಒಂದಕ್ಕೆ ತಳ್ಳಿ ಕೈತೊಳೆದುಕೊಳ್ಳುತ್ತದೆ.

ತಪ್ಪು ವಿಂಗಡಣೆಯ ಗಣಿತವನ್ನೂ ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಒಂದು ವಿಧಾನ ನೂರಕ್ಕೆ 90 ಸಲ ಸರಿ ಹೇಳುತ್ತದೆಂದು ಇಟ್ಟುಕೊಳ್ಳಿ. ಚೆನ್ನಾಗಿಯೇ ಇದೆ ಎನಿಸುತ್ತದೆ. ಬಲೆಯಲ್ಲಿ 1,000 ಕಾಡ್ ಇವೆ, ಅವುಗಳಲ್ಲಿ ನಿಜವಾಗಿ 50 ಮಾತ್ರ ಕರಾವಳಿಯವು. ಆ 50ರಲ್ಲಿ 45 ಸರಿಯಾಗಿ ಕರಾವಳಿಯವೆಂದು ಗುರುತಾಗುತ್ತವೆ. ಮಿಕ್ಕ 950 ಸ್ಕ್ರೈಗಳಲ್ಲಿ ನೂರಕ್ಕೆ 10ರಂತೆ 95 ಮೀನು ತಪ್ಪಾಗಿ ಕರಾವಳಿಯ ಖಾತೆಗೆ ಬೀಳುತ್ತವೆ. ವರದಿಯಲ್ಲಿ ಕಾಣುವ ಸಂಖ್ಯೆ 140! ಇದ್ದದ್ದರ ಮೂರು ಪಟ್ಟು ಹತ್ತಿರ. ಅಪರೂಪದ ಪಂಗಡ ಸಮೃದ್ಧವಾಗಿದೆಯೆಂಬ ಭ್ರಮೆ ಹುಟ್ಟಲು ಇಷ್ಟು ಸಾಕು. ಸಮಾಧಾನದ ವಿಷಯವೆಂದರೆ, ವಿಧಾನ ಎಷ್ಟು ಸಲ ತಪ್ಪುತ್ತದೆಂದು ಮೊದಲೇ ಅಳೆದಿಟ್ಟಿದ್ದರೆ 140ರಿಂದ ಹಿಂದಕ್ಕೆ ಲೆಕ್ಕ ಹಾಕಿ 50ಕ್ಕೆ ಬಂದು ಮುಟ್ಟಬಹುದು. ಒಂಟಿ ಮೀನಿನ ಬಗ್ಗೆ ಕಲ್ಲಿನ ಮಾತನ್ನು ಅಲ್ಲಲ್ಲಿ ಸಂಶಯಿಸಬೇಕಾದೀತು. ಇಡೀ ರಾಶಿಯ ಪ್ರಮಾಣದ ಬಗ್ಗೆ ಅದರ ಮಾತು ಗಟ್ಟಿ.

ನಾರ್ವೆಯಲ್ಲಿ ಕಲ್ಲಿನ ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡಿದ್ದು ಮೊದಲು ರಕ್ತ. 1960ರ ದಶಕದಲ್ಲಿ ಡಾಗ್ ಮೊಲರ್ ಎಂಬ ವಿಜ್ಞಾನಿ ಕಾಡ್‌ನ ಹಿಮೊಗ್ಲೊಬಿನ್ ಮತ್ತಿತರ ರಕ್ತದ ಪ್ರೋಟೀನುಗಳ ಬಗೆಗಳನ್ನು ಪರೀಕ್ಷಿಸಿ, ಕಲ್ಲು ಹೇಳುವ ಎರಡು ಪಂಗಡ ರಕ್ತದಲ್ಲೂ ಬೇರೆ ಎಂದು ತೋರಿಸಿದ. 1990ರ ದಶಕದಲ್ಲಿ ಪ್ಯಾನ್ ಐ ಎಂಬ ಜೀನಿನ ಗುರುತು ಸಿಕ್ಕಿತು. ಅದರ ಒಂದು ರೂಪ ಕರಾವಳಿ ಕಾಡ್‌ನಲ್ಲಿ ಹೆಚ್ಚು, ಇನ್ನೊಂದು ಸ್ಕ್ರೈಯಲ್ಲಿ ಹೆಚ್ಚು. 2016ರಲ್ಲಿ ಅದರ ಹಿಂದಿನ ಗುಟ್ಟೂ ಹೊರಬಿತ್ತು. ಕಾಡ್‌ನ ಒಂದನೆಯ ವರ್ಣತಂತುವಿನಲ್ಲಿ ಪಕ್ಕಪಕ್ಕದ ಎರಡು ದೊಡ್ಡ ತುಂಡುಗಳು ತಿರುವುಮುರುವಾಗಿ ಕೂತಿವೆ. ಹಾಗೆ ತಿರುಗಿದ ತುಂಡು ನೆಟ್ಟಗಿರುವ ತುಂಡಿನ ಜೊತೆ ಜೀನುಗಳನ್ನು ಅದಲುಬದಲು ಮಾಡಿಕೊಳ್ಳಲು ಆಗುವುದಿಲ್ಲ. ಆದ್ದರಿಂದಲೇ ಎರಡೂ ಬಗೆಯವು ಲೊಫೋಟೆನ್ನಿನ ಅದೇ ನೀರಿಗೆ ಅದೇ ಋತುವಿನಲ್ಲಿ ಬಂದರೂ ಅಲೆಮಾರಿಯ ಗುಣ ಮತ್ತು ಮನೆವಾಸಿಯ ಗುಣ ಕಲಸಿಹೋಗಿಲ್ಲ. ಈ ತಿರುವು 16ರಿಂದ 20 ಲಕ್ಷ ವರ್ಷ ಹಳೆಯದೆಂಬುದು ಸಂಶೋಧಕರ ಅಂದಾಜು. ರೊಲೆಫ್ಸೆನ್ ಒಂದು ಭೂತಗನ್ನಡಿ ಹಿಡಿದು ಗುರುತಿಸಿದ ವ್ಯತ್ಯಾಸಕ್ಕೆ ಇಷ್ಟು ಹಳೆಯ ಬೇರಿದೆ.

ಈಗ ಎರಡೂ ಸಾಕ್ಷಿಗಳು ಒಟ್ಟಿಗೆ ಕೆಲಸ ಮಾಡುತ್ತವೆ. 2008ರಲ್ಲಿ ಕ್ರಿಸ್ಟೊಫ್ ಸ್ಟ್ರಾನ್ಸ್ಕಿ ಮತ್ತು ಸಂಗಡಿಗರು ಜೀನಿನಿಂದ ಪಂಗಡ ಗೊತ್ತಾದ ಕಾಡ್‌ಗಳ ಕಲ್ಲಿನ ಹೊರ ಆಕಾರವನ್ನಷ್ಟೇ ಅಳೆದು, ಮುರಿಯದೆಯೂ ಎರಡನ್ನೂ ಬೇರ್ಪಡಿಸಬಹುದೆಂದು ತೋರಿಸಿದರು. ಲೊಫೋಟೆನ್ನಿನ ಹೆನ್ನಿಂಗ್ಸ್‌ವೇರ್ ಬಳಿ ಕರಾವಳಿ ಕಾಡ್‌ನ ರಕ್ಷಣೆಗೆ ಮೀಸಲಿಟ್ಟ ನೀರಿನಲ್ಲಿ 2009ರಿಂದ ಜೀನ್ ಪರೀಕ್ಷೆ ನಡೆಯುತ್ತಿದೆ. ಮಾದರಿ ತೆಗೆದ ಸುಮಾರು ಒಂದು ದಿನದೊಳಗೆ ಫಲಿತಾಂಶ. ಕರಾವಳಿ ಕಾಡ್‌ನ ಪಾಲು ಕಡಿಮೆಯಿದ್ದರೆ ಮಾತ್ರ ದೋಣಿಗಳಿಗೆ ಅನುಮತಿ. ಅವಸರದ ತೀರ್ಮಾನಕ್ಕೆ ಜೀನು, ದೀರ್ಘ ಲೆಕ್ಕಕ್ಕೆ ಕಲ್ಲು. ಕಲ್ಲಿಗೊಂದು ಅನುಕೂಲವಿದೆ: ವಯಸ್ಸು ಎಣಿಸಲು ಅದನ್ನು ಹೇಗೂ ತೆಗೆಯುತ್ತಾರೆ, ಒಣಗಿಸಿ ಕಾಗದದ ಲಕೋಟೆಯಲ್ಲಿಟ್ಟರೆ ದಶಕಗಳವರೆಗೆ ಕೆಡುವುದಿಲ್ಲ. ಅಜ್ಜನ ಕಾಲದಲ್ಲಿ ಹಿಡಿದ ಮೀನಿನ ಪಂಗಡವನ್ನು ಇಂದು ಕೇಳಬಹುದು. ಹಳೆಯ ಕಲ್ಲಿಗೆ ಅಂಟಿದ ಒಣ ಅಂಗಾಂಶದಿಂದ ಡಿಎನ್‌ಎಯನ್ನೂ ತೆಗೆದಿದ್ದಾರೆ.

ಬಾಲ್ಟಿಕ್ ಸಮುದ್ರದಲ್ಲಿ ಆಕಾರದ ಲೆಕ್ಕ ನೇರವಾಗಿ ಕೋಟಾದ ಕಡತಕ್ಕೇ ಹೋಗಿದೆ. ಅಲ್ಲಿ ಪೂರ್ವದ ಮತ್ತು ಪಶ್ಚಿಮದ ಎರಡು ಕಾಡ್ ಪಂಗಡಗಳು ನಡುವಿನ ಅರ್ಕೋನಾ ಎಂಬ ತಗ್ಗಿನಲ್ಲಿ ಬೆರೆಯುತ್ತವೆ. ಹಿಂದೆ ನಕಾಶೆಯಲ್ಲೊಂದು ಗೆರೆ ಎಳೆದು, ಗೆರೆಯಾಚೆಯದು ಪೂರ್ವ, ಈಚೆಯದು ಪಶ್ಚಿಮ ಎಂದು ಲೆಕ್ಕ ಬರೆಯುತ್ತಿದ್ದರು. ಮೀನು ಗೆರೆಯನ್ನು ಲೆಕ್ಕಿಸಲಿಲ್ಲ. ಪಶ್ಚಿಮದ್ದೆಂದು ಬರೆದ ಆ ತಗ್ಗಿನ ಹಿಡುವಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪೂರ್ವದ ಮೀನು ಎಂದು ಕಿವಿಗಲ್ಲಿನ ಆಕಾರ ಹೇಳಿತು, ಜೀನು ಅನುಮೋದಿಸಿತು. 2015ರಿಂದ ಅಂತರರಾಷ್ಟ್ರೀಯ ಸಮುದ್ರ ಪರಿಶೋಧನಾ ಮಂಡಳಿಯ ಅಂದಾಜಿನಲ್ಲಿ ಹೀಗೆ ಪಾಲು ಮಾಡಿಯೇ ಲೆಕ್ಕ ಹಾಕುತ್ತಾರೆ. ಅದರಿಂದ ಪೂರ್ವದ ಕಾಡ್ ಉಳಿಯಿತೆಂದು ಹೇಳಲಾರೆ. ಆಮ್ಲಜನಕ ಕಡಿಮೆಯಾದ ನೀರು, ಪರೋಪಜೀವಿಗಳು, ಮೇವಿನ ಕೊರತೆ ಎಲ್ಲ ಸೇರಿ ಅದರ ಸ್ಥಿತಿ ಕೆಟ್ಟು, 2019ರಲ್ಲಿ ಐರೋಪ್ಯ ಒಕ್ಕೂಟ ಅದರ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಲೆಕ್ಕ ಸರಿಯಾದರೆ ರೋಗ ಏನೆಂದು ಗೊತ್ತಾಗುತ್ತದೆ. ವಾಸಿಯಾಗುವುದು ಬೇರೆ ವಿಷಯ. ಬ್ಯಾರೆಂಟ್ಸಿನ ದೊಡ್ಡ ಪಂಗಡವೂ ಇಳಿಮುಖದಲ್ಲಿದೆ. 2025ರ ಕೋಟಾ 3.4 ಲಕ್ಷ ಟನ್‌ಗೆ ಕುಸಿಯಿತು. ದೊಡ್ಡದು ಕುಗ್ಗಿದಾಗ ದೋಣಿಗಳ ಕಣ್ಣು ಸಣ್ಣದರ ಮೇಲೆ ಬೀಳುತ್ತದೆ, ಆಗ ವಿಂಗಡಣೆಯ ಅಗತ್ಯ ಇನ್ನೂ ಹೆಚ್ಚು.

ನಾರ್ವೆಯ ಮೀನುಗಾರಿಕೆಗೂ ನಮ್ಮ ಕರಾವಳಿಗೂ ಹಳೆಯ ನಂಟಿದೆ. 1953ರಲ್ಲಿ ಕೇರಳದ ನೀಂಡಕರದಲ್ಲಿ ಶುರುವಾದ ಇಂಡೊ ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಬಂದಿತ್ತು. ಯಂತ್ರದೋಣಿ, ಮಂಜುಗಡ್ಡೆ ಎಲ್ಲ ಆ ಕಾಲದ ಮಾತು. ಕಿವಿಗಲ್ಲಿನ ಪಾಠ ನಮ್ಮ ನೀರಿನಲ್ಲಿ ಅಷ್ಟು ಸಲೀಸಲ್ಲ. ನಮ್ಮ ಕಡಲಿಗೆ ಹಿಮಗಾಲವಿಲ್ಲ, ಹಾಗಾಗಿ ಬಂಗುಡೆ, ಭೂತಾಯಿಗಳ ಕಲ್ಲಿನಲ್ಲಿ ವರ್ಷದ ಪಟ್ಟೆ ಸ್ಪಷ್ಟವಾಗಿ ಬೀಳುವುದಿಲ್ಲ. ಕಲ್ಲೂ ಕೆಲವೇ ಮಿಲಿಮೀಟರು, ಮೀನಿನ ಆಯುಷ್ಯವೂ ಎರಡು ಮೂರು ವರ್ಷ. ಆದರೆ ಅಂಚಿನ ಆಕಾರ ಅಳೆಯಲು ಪಟ್ಟೆ ಬೇಕಿಲ್ಲ, ಒಂದು ಸೂಕ್ಷ್ಮದರ್ಶಕ ಮತ್ತು ಕ್ಯಾಮೆರಾ ಸಾಕು. ಲೆಕ್ಕ ಹಾಕುವ ತಂತ್ರಾಂಶವೂ ಉಚಿತ. ಐಸ್‌ಲ್ಯಾಂಡಿನ ಸಂಶೋಧಕರು 2015ರಲ್ಲಿ ಶೇಪ್‌ಆರ್ ಎಂಬುದನ್ನು ಎಲ್ಲರ ಬಳಕೆಗೆ ಬಿಟ್ಟಿದ್ದಾರೆ. ಪ್ರಶ್ನೆಯಂತೂ ಕಣ್ಣೆದುರಿಗೇ ಇದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಭೂತಾಯಿ 2021ರಲ್ಲಿ 3,297 ಟನ್‌ಗೆ ಇಳಿದಿತ್ತು. ಹೀಗೆ ಕುಸಿದು ಮತ್ತೆ ಏಳುವ ಮೀನು ಕೊಲ್ಲಂನಿಂದ ಕಾರವಾರದವರೆಗೆ ಒಂದೇ ಪಂಗಡವೋ, ಹಲವೋ? ಉತ್ತರದ ಮೇಲೆ ಎರಡು ರಾಜ್ಯಗಳ ಮೀನುಗಾರಿಕೆಯ ನಿಯಮಗಳು ನಿಲ್ಲಬೇಕು.

ಮಲ್ಪೆಯಲ್ಲಿ, ಮಂಗಳೂರಿನಲ್ಲಿ ದಡಕ್ಕೆ ಬಂದ ಭೂತಾಯಿಯ ಒಂದು ಪಾಲು ಮೀನಹುಡಿ ಮಾಡುವ ಕಾರ್ಖಾನೆಗೆ ಹೋಗುತ್ತದೆ. ಅದರ ಜೊತೆ ಕಿವಿಗಲ್ಲುಗಳೂ ಪುಡಿಯಾಗುತ್ತವೆ. ಅವನ್ನು ಉಳಿಸಿ ಅಳೆಯುವ ಎಲ್ಲ ಕೆಲಸವನ್ನೂ ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೋ 1969ರಿಂದ ಇರುವ ಮಂಗಳೂರಿನ ಮೀನುಗಾರಿಕೆ ಕಾಲೇಜಿನವರೋ ಮಾಡಲೆಂದು ಕಾಯುವುದು ಬೇಡ. ಕರಾವಳಿಯ ಪ್ರತಿ ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವೂ ತಿಂಗಳಿಗೊಮ್ಮೆ ಬಂದರಿನಿಂದ ಐವತ್ತು ಮೀನು ತಂದು ಕಲ್ಲು ತೆಗೆದಿಡಬಹುದು. ಕಲ್ಲನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಲಕೋಟೆಯ ಮೇಲೆ ಮೀನಿನ ಹೆಸರು, ಹಿಡಿದ ಜಾಗ, ತಾರೀಕು, ಉದ್ದ, ತೂಕ, ಗಂಡೋ ಹೆಣ್ಣೋ, ಎಡಗಲ್ಲೋ ಬಲಗಲ್ಲೋ ಎಂದು ಬರೆಯಿರಿ. ಫಾರ್ಮಲಿನ್‌ನಲ್ಲಿ ಮಾತ್ರ ಹಾಕಬೇಡಿ, ಅದರ ಆಮ್ಲದಲ್ಲಿ ಕಲ್ಲು ಕರಗಿಹೋಗುತ್ತದೆ.